ಕೆಂಪು ಧೂಳು, ಕಳ್ಳಭಟ್ಟಿ, ಸಮುದ್ರದ ಮರಳು: ಅಪ್ಪನ ಜೊತೆ ಆರು ದಿನ

ಅಪ್ಪ ಹಾಸನದಲ್ಲಿ 38 ವರ್ಷ ಲಾರಿ ಗ್ಯಾರೇಜು ನಡೆಸಿದವರು. ಈಗ ಅದನ್ನು ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಅಪ್ಪ ಈ ಸಲ ಆಗಸ್ಟ್‌ನಲ್ಲಿ ನಮ್ಮ ಮನೆಗೆ ಬಂದರು, ನಾರ್ತ್ ಕೆರೊಲಿನಾದ ಕ್ಯಾರಿಗೆ. ಒಂದು ಭಾನುವಾರ ಟಿವಿಯಲ್ಲಿ ನಾಸ್ಕಾರ್, ಅಂದರೆ ಅಮೆರಿಕದ ಸ್ಟಾಕ್ ಕಾರ್ ರೇಸ್ ಬರುತ್ತಿತ್ತು. ಸ್ವಲ್ಪ ಹೊತ್ತು ನೋಡಿ ಅಪ್ಪ ಕೇಳಿದರು, "ಇದಕ್ಕೆ ಸ್ಟಾಕ್ ಕಾರ್ ಅಂತಾರಲ್ಲ, ಸ್ಟಾಕ್ ಅಂದ್ರೆ ಕಂಪನಿ ಫಿಟ್ಟಿಂಗ್ ತಾನೆ? ಇದರಲ್ಲಿ ಕಂಪನಿ ಫಿಟ್ಟಿಂಗ್ ಯಾವುದಿದೆ? ಹೆಡ್‌ಲೈಟು ಕೂಡ ಸ್ಟಿಕ್ಕರು!"

ನಾನು ಈ ಊರಿಗೆ ಬಂದು 11 ವರ್ಷ ಆಯಿತು. ಈ ರೇಸಿನ ಹಳೆಯ ಕಥೆಗಳನ್ನು ಆಫೀಸಿನಲ್ಲಿ ಕೇಳಿ ಕೇಳಿ ಹುಚ್ಚು ಹತ್ತಿಸಿಕೊಂಡವಳು. ಅಪ್ಪನ ಪ್ರಶ್ನೆಗೆ ಟಿವಿ ಮುಂದೆ ಕೂತು ಉತ್ತರ ಹೇಳುವುದಕ್ಕಿಂತ ಜಾಗಗಳನ್ನೇ ತೋರಿಸೋಣ ಅನ್ನಿಸಿತು. ಅಕ್ಟೋಬರ್‌ನಲ್ಲಿ ಒಂದು ವಾರ ರಜೆ ಹಾಕಿ ನಮ್ಮ ಹಳೆಯ ಕ್ಯಾಮ್ರಿಯಲ್ಲಿ ಹೊರಟೆವು. ಅವಲಕ್ಕಿ, ಚಟ್ನಿಪುಡಿ, ಫ್ಲಾಸ್ಕಿನಲ್ಲಿ ಕಾಫಿ.

ಮೊದಲ ದಿನ: ಹಿಲ್ಸ್‌ಬರೊ, ಡ್ಯಾನ್‌ವಿಲ್

ಹಿಲ್ಸ್‌ಬರೊ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದಾರಿ. ಈನೋ ನದಿಯ ಪಕ್ಕದ ಕಾಡಿನಲ್ಲಿ ಆಕನೀಚಿ ಸ್ಪೀಡ್‌ವೇ ಇದೆ. ಇದೆ ಅನ್ನೋದಕ್ಕಿಂತ ಮಲಗಿದೆ ಅನ್ನಬೇಕು. ನಾಸ್ಕಾರ್‌ನ ಈಗಿನ ಮುಖ್ಯ ಸರಣಿಯ ಮೊದಲ ಸೀಸನ್ 1949ರಲ್ಲಿ ನಡೆಯಿತು. ಆ ಸೀಸನ್ನಿನ ಮಣ್ಣಿನ ಟ್ರ್ಯಾಕುಗಳಲ್ಲಿ ಇವತ್ತಿಗೂ ಉಳಿದಿರುವುದು ಇದೊಂದೇ. ಮುಕ್ಕಾಲು ಮೈಲಿಗೂ ಜಾಸ್ತಿ, 0.9 ಮೈಲಿ ಸುತ್ತು. ಮೊದಲು ಇದು ಕುದುರೆ ಓಡಿಸುವ ಜಾಗವಾಗಿತ್ತು. ನಾಸ್ಕಾರ್ ಕಟ್ಟಿದ ಬಿಲ್ ಫ್ರಾನ್ಸ್ ವಿಮಾನದಲ್ಲಿ ಹೋಗುವಾಗ ಮೇಲಿನಿಂದ ಈ ಸುತ್ತು ಕಣ್ಣಿಗೆ ಬಿತ್ತಂತೆ.

ಈಗ ಟ್ರ್ಯಾಕಿನ ಮೇಲೆ ನಡೆದು ಹೋಗಬಹುದು. ಎರಡೂ ಕಡೆ ಪೈನ್ ಮರಗಳು, ಕಾಲ ಕೆಳಗೆ ಎಲೆ. ಕಾಡಿನ ನಡುವೆ ಇದ್ದಕ್ಕಿದ್ದ ಹಾಗೆ ಸಿಮೆಂಟಿನ ಮೆಟ್ಟಿಲುಗಳು ಎದುರಾಗುತ್ತವೆ, ಜನ ಕೂತು ನೋಡುತ್ತಿದ್ದ ಗ್ಯಾಲರಿ ಅದು. ಅಪ್ಪ ಚಪ್ಪಲಿಯಿಂದ ಎಲೆ ಸರಿಸಿ, ಮಣ್ಣು ಕೈಗೆ ತೆಗೆದುಕೊಂಡು ಉಜ್ಜಿದರು. "ನಮ್ಮ ಕೆಮ್ಮಣ್ಣಿನ ಥರಾನೇ ಇದೆ. ಒಣಗಿದ್ರೆ ಧೂಳು, ನೆಂದ್ರೆ ಜಾರುತ್ತೆ. ಇದರ ಮೇಲೆ ಬ್ರೇಕ್ ಹಿಡಿದ್ರೆ ಕಥೆ ಮುಗೀತು."

ಆ ಮೆಟ್ಟಿಲ ಮೇಲೆ ಒಬ್ಬ ಅಜ್ಜ ನಾಯಿ ಜೊತೆ ಕೂತಿದ್ದರು. ಅಪ್ಪ ಮಣ್ಣು ಉಜ್ಜುತ್ತಿದ್ದುದನ್ನು ನೋಡಿ ಅವರೇ ಮಾತಿಗೆ ಬಂದರು. ಚಿಕ್ಕ ಹುಡುಗನಾಗಿದ್ದಾಗ, 1950ರ ದಶಕದ ಕೊನೆಯಲ್ಲಿ, ಅವರಪ್ಪ ಇಲ್ಲಿಗೆ ಕರೆದುಕೊಂಡು ಬರುತ್ತಿದ್ದರಂತೆ. ಅಮ್ಮ ಶೂ ಡಬ್ಬಿಯಲ್ಲಿ ಕರಿದ ಕೋಳಿ ಕಟ್ಟಿಕೊಡುತ್ತಿದ್ದರಂತೆ, ಡಬ್ಬಿ ತೆಗೆಯುವಷ್ಟರಲ್ಲಿ ಅದರ ಮೇಲೂ ಕೆಂಪು ಧೂಳು. "ಕರಕರ ಅಂತ ಅಗಿಯುತ್ತಿದ್ದೆವು. ಈಗಲೂ ಕರಿದ ಕೋಳಿ ತಿಂದರೆ ಏನೋ ಒಂದು ಕಮ್ಮಿ ಅನ್ನಿಸುತ್ತೆ" ಅಂದರು. ಚರ್ಚಿಗೆ ಹಾಕಿಕೊಂಡ ಬಿಳಿ ಅಂಗಿಯಲ್ಲೇ ಬಂದು, ಇಟ್ಟಿಗೆ ಬಣ್ಣವಾಗಿ ಮನೆಗೆ ಹೋಗುತ್ತಿದ್ದರಂತೆ. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಅರ್ಧ ಮಾತು ನಾನು ಹೇಳುವ ಮೊದಲೇ ಅವರಿಗೆ ಅರ್ಥವಾಗುತ್ತಿತ್ತು.

ಭಾನುವಾರ ರೇಸು ನಡೆಸುವುದು ಊರಿನ ಪಾದ್ರಿಗಳಿಗೆ ಇಷ್ಟ ಇರಲಿಲ್ಲ. ವಿರೋಧ ಬೆಳೆಯಿತು. 1968ರ ಸೆಪ್ಟೆಂಬರ್‌ನಲ್ಲಿ ಕೊನೆಯ ರೇಸು ಆಯಿತು, ರಿಚರ್ಡ್ ಪೆಟ್ಟಿ ಗೆದ್ದರು. ಅಲ್ಲಿಗೆ ಮುಗಿಯಿತು. ಬಿಲ್ ಫ್ರಾನ್ಸ್ ಅಲಬಾಮಾದ ಟ್ಯಾಲಡೀಗದಲ್ಲಿ ದೊಡ್ಡ ಟ್ರ್ಯಾಕ್ ಕಟ್ಟಿದರು, ಇಲ್ಲಿ ಮರ ಬೆಳೆಯಿತು. ಅಜ್ಜ ಟ್ರ್ಯಾಕಿನ ಮಧ್ಯೆ ನಿಂತ ಒಂದು ಮರ ತೋರಿಸಿ, "ಇದು ನನಗಿಂತ ಚಿಕ್ಕದು" ಅಂದರು.

ಅಲ್ಲಿಂದ ಉತ್ತರಕ್ಕೆ ಒಂದು ಗಂಟೆ, ವರ್ಜೀನಿಯಾದ ಡ್ಯಾನ್‌ವಿಲ್. ರೇಸ್ ಡ್ರೈವರ್ ವೆಂಡೆಲ್ ಸ್ಕಾಟ್ ಅವರ ಊರು ಅನ್ನುವ ಒಂದೇ ಕಾರಣಕ್ಕೆ ಹೋದೆವು. ಅವರು ಟ್ಯಾಕ್ಸಿ ಓಡಿಸುತ್ತಿದ್ದರು, ರಾತ್ರಿ ಕಳ್ಳಭಟ್ಟಿ ಸಾಗಿಸುತ್ತಿದ್ದರು. 1952ರಲ್ಲಿ ಇಲ್ಲಿ ರೇಸು ನಡೆಸುವವರಿಗೆ ಜನ ಸೇರಿಸಲು ಒಬ್ಬ ಕಪ್ಪು ಡ್ರೈವರ್ ಬೇಕಾಗಿತ್ತಂತೆ. ಯಾರು ಜೋರಾಗಿ ಓಡಿಸುತ್ತಾರೆ ಅಂತ ಪೊಲೀಸರನ್ನೇ ಕೇಳಿದರಂತೆ. ಪೊಲೀಸರು ಹೇಳಿದ ಹೆಸರು ಸ್ಕಾಟ್.

1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಸ್ಕಾಟ್ ಗೆದ್ದರು. ಗೆದ್ದದ್ದು ಎರಡು ಸುತ್ತಿನ ಅಂತರದಲ್ಲಿ. ಆದರೆ ಬಾವುಟ ಬೀಸಿದ್ದು ಬಕ್ ಬೇಕರ್‌ಗೆ, ಟ್ರೋಫಿ ಹೋಗಿದ್ದೂ ಬೇಕರ್‌ಗೆ. ಲೆಕ್ಕದಲ್ಲಿ ತಪ್ಪಾಯಿತು ಅಂತ ಅಧಿಕಾರಿಗಳು ಒಪ್ಪಿದ್ದು ಗಂಟೆಗಳಾದ ಮೇಲೆ, ಜನ ಎಲ್ಲ ಮನೆಗೆ ಹೋದ ಮೇಲೆ. ಗೆದ್ದವನಿಗೆ ಬಿಳಿ ಸುಂದರಿ ಮುತ್ತು ಕೊಡುವ ಪದ್ಧತಿ ಇತ್ತು, ಅದನ್ನು ತಪ್ಪಿಸಲೆಂದೇ ಹೀಗೆ ಮಾಡಿದರು ಅಂತ ಸ್ಕಾಟ್ ನಂಬಿದ್ದರು. 1990ರಲ್ಲಿ ತೀರಿಕೊಂಡರು. ನಾಸ್ಕಾರ್ ಅವರ ಮನೆಯವರ ಕೈಗೆ ಟ್ರೋಫಿ ಕೊಟ್ಟಿದ್ದು 2021ರಲ್ಲಿ. 58 ವರ್ಷ!

ಅವರ ಹೆಸರಿನ ರಸ್ತೆಯಲ್ಲಿ ನಿಧಾನವಾಗಿ ಒಂದು ಸಲ ಹೋಗಿ ಬಂದೆವು. ಸ್ಕಾಟ್ ತಮ್ಮ ಕಾರನ್ನು ತಾವೇ ರಿಪೇರಿ ಮಾಡುತ್ತಿದ್ದರು, ರೇಸಿನ ಮಧ್ಯೆ ಕಾರು ನೋಡಿಕೊಳ್ಳುವ ಪಿಟ್ ಹುಡುಗರೂ ಅವರ ಮಕ್ಕಳೇ ಅಂತ ಹೇಳಿದೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ರಾತ್ರಿ ರಿಪೇರಿ ಮಾಡಿ ಹಗಲು ಓಡಿಸೋದು ಅಂದ್ರೆ ಏನು ಅಂತ ನನಗೆ ಗೊತ್ತು" ಅಂದರು, ಅಷ್ಟೇ.

ಎರಡನೇ ದಿನ: ನಾರ್ತ್ ವಿಲ್ಕ್ಸ್‌ಬರೊ

ಬೆಟ್ಟದ ಸೀಮೆ. ದಾರಿಯುದ್ದಕ್ಕೂ ತಿರುವು. ಹಿಂದೆ ಈ ವಿಲ್ಕ್ಸ್ ಕೌಂಟಿಯ ತುಂಬಾ ಕಳ್ಳಭಟ್ಟಿ. ಇಲ್ಲಿನ ಜನ ಜೋಳದಿಂದ ಸಾರಾಯಿ ಕಾಯಿಸಿ, ಗಾಜಿನ ಜಾಡಿಗಳಲ್ಲಿ ತುಂಬಿ, ತೆರಿಗೆ ಅಧಿಕಾರಿಗಳ ಕಣ್ಣು ತಪ್ಪಿಸಿ ರಾತ್ರೋರಾತ್ರಿ ಪಟ್ಟಣಕ್ಕೆ ಸಾಗಿಸುತ್ತಿದ್ದರು. ಅದಕ್ಕೆ ಬೇಕಾಗಿದ್ದು ಹೊರಗಿನಿಂದ ಮಾಮೂಲಿಯಾಗಿ ಕಾಣುವ, ಒಳಗೆ ಹುಲಿಯಂಥ ಕಾರು. 1939, 1940ರ ಫೋರ್ಡ್ ವಿ-8 ಅಂದರೆ ಅವರಿಗೆ ಪ್ರಾಣ. ಯಾರ ಕಾರು ಜೋರು ಅನ್ನುವ ಜಗಳ ಹೊಲಗಳಲ್ಲಿ ತೀರ್ಮಾನ ಆಗುತ್ತಿತ್ತು. ಬೇಲಿ ಹಾಕಿ ಟಿಕೆಟ್ ಇಟ್ಟರೆ ಅದೇ ರೇಸ್ ಟ್ರ್ಯಾಕು.

ರೇಸ್ ಡ್ರೈವರ್ ಜೂನಿಯರ್ ಜಾನ್ಸನ್ ಈ ಕೌಂಟಿಯವರೇ. ಪೊಲೀಸರು ಅಡ್ಡ ಹಾಕಿದರೆ ಗೇರು ಇಳಿಸಿ, ಸ್ಟೀರಿಂಗ್ ಒಂದೇ ಸಲ ಎಳೆದು, ರಸ್ತೆಯಲ್ಲೇ ಕಾರನ್ನು ಹಿಂದುಮುಂದು ಮಾಡಿ ಪರಾರಿ. ರಸ್ತೆಯಲ್ಲಿ ಅವರು ಯಾರ ಕೈಗೂ ಸಿಗಲಿಲ್ಲ. 1956ರಲ್ಲಿ ಸಿಕ್ಕಿಬಿದ್ದಿದ್ದು ಅವರಪ್ಪನ ಭಟ್ಟಿಯ ಹತ್ತಿರ, ಕಾಲ್ನಡಿಗೆಯಲ್ಲಿ! 11 ತಿಂಗಳು ಜೈಲು. ಬಂದ ಮೇಲೆ ಮತ್ತೆ ರೇಸು, ಒಟ್ಟು 50 ಗೆಲುವು. 1986ರಲ್ಲಿ ಅಧ್ಯಕ್ಷ ರೇಗನ್ ಕ್ಷಮಾದಾನ ಕೊಟ್ಟರು.

ಸ್ಪೀಡ್‌ವೇ ಗೇಟು ಅವತ್ತು ಹಾಕಿತ್ತು. ಬೇಲಿಯ ಆಚೆಯಿಂದಲೇ ನೋಡಿದೆವು. 1947ರಲ್ಲಿ ಶುರುವಾದ ಜಾಗ. ನೆಲ ಸಮ ಮಾಡಿಸಲು ದುಡ್ಡು ಸಾಲದೆ ಹಾಗೇ ಬಿಟ್ಟರಂತೆ, ಅದಕ್ಕೇ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಏರು. 1996ರಲ್ಲಿ ಇಲ್ಲಿನ ರೇಸುಗಳನ್ನು ಬೇರೆ ಊರಿಗೆ ಕೊಟ್ಟರು, ಗಿಡಗಂಟಿ ಬೆಳೆಯಿತು. ಊಟದ ಹೋಟೆಲಿನಲ್ಲಿ ಬಡಿಸಿದ ಹೆಂಗಸು ಹೇಳಿದರು, ಅವರು ಆ ಕಡೆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟಿದ್ದರಂತೆ, ನೋಡಿದರೆ ಅಳು ಬರುತ್ತೆ ಅಂತ. 2023ರ ಮೇನಲ್ಲಿ ಆಲ್-ಸ್ಟಾರ್ ಅನ್ನುವ ವಿಶೇಷ ರೇಸಿನ ಜೊತೆ ನಾಸ್ಕಾರ್ ವಾಪಸ್ ಬಂದಾಗ ಅವರು ಅಮ್ಮನನ್ನು ವೀಲ್‌ಚೇರಿನಲ್ಲಿ ಕೂರಿಸಿಕೊಂಡು ಹೋಗಿದ್ದರಂತೆ. ಇದನ್ನು ಹೇಳುವಾಗಲೂ ಅವರ ಕಣ್ಣು ತುಂಬಿತ್ತು.

ಮೂರನೇ ದಿನ: ಶಾರ್ಲಟ್

ಇಡೀ ದಿನ ನಾಸ್ಕಾರ್ ಹಾಲ್ ಆಫ್ ಫೇಮ್ ಮ್ಯೂಸಿಯಂನಲ್ಲಿ. 2010ರಲ್ಲಿ ತೆರೆದಿದ್ದು. ಒಳಗೆ ಒಂದು ಇಳಿಜಾರು ದಾರಿ ಇದೆ, ಅದರ ಉದ್ದಕ್ಕೂ ಹಳೆಯ ಕಾರಿನಿಂದ ಹೊಸ ಕಾರಿನವರೆಗೆ ಸಾಲಾಗಿ ನಿಲ್ಲಿಸಿದ್ದಾರೆ. ಜೂನಿಯರ್ ಜಾನ್ಸನ್ ತಮ್ಮ ಕೈಯಾರೆ ಕಟ್ಟಿಕೊಟ್ಟ ಒಂದು ಭಟ್ಟಿ ಕೂಡ ಇದೆ. ಅಪ್ಪ ಅದರ ತಾಮ್ರದ ಪೈಪು ನೋಡಿ, ಬೆಸುಗೆ ಚೆನ್ನಾಗಿದೆ ಅಂದರು.

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ.

1949ರ ಜೂನ್ 19. ಇದೇ ಶಾರ್ಲಟ್ ಊರಿನ ಮುಕ್ಕಾಲು ಮೈಲಿಯ ಮಣ್ಣಿನ ಟ್ರ್ಯಾಕು. ಆ ಟ್ರ್ಯಾಕು ಈಗಿಲ್ಲ. ಯುದ್ಧ ಮುಗಿದು ನಾಲ್ಕು ವರ್ಷ, ಜನ ಹೊಸ ಕಾರು ಕೊಳ್ಳುತ್ತಿದ್ದ ಕಾಲ. ಬಿಲ್ ಫ್ರಾನ್ಸ್‌ಗೆ ಒಂದು ಯೋಚನೆ ಬಂತು: ಜನ ತಮ್ಮ ಮನೆ ಮುಂದೆ ನಿಲ್ಲಿಸುವ ಕಾರನ್ನೇ ರೇಸಿನಲ್ಲಿ ನೋಡಿದರೆ? ಅದಕ್ಕೆ ಇಟ್ಟ ಹೆಸರು "ಸ್ಟ್ರಿಕ್ಟ್ಲಿ ಸ್ಟಾಕ್". ಅಂದರೆ ಅಪ್ಪ ಹೇಳಿದ ಹಾಗೆ, ಪಕ್ಕಾ ಕಂಪನಿ ಫಿಟ್ಟಿಂಗ್. 200 ಸುತ್ತು, ಗೆದ್ದವರಿಗೆ 2000 ಡಾಲರ್. 33 ಕಾರು ಬಂದವು. ಲೀ ಪೆಟ್ಟಿ ಅನ್ನುವವರು ಪರಿಚಯದವರ ಬ್ಯೂಕ್ ಕಾರು ಕಡ ತಂದು, ಅದರಲ್ಲೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಂದರು. ರೇಸಿನಲ್ಲಿ ಅದನ್ನು ಪಲ್ಟಿ ಹೊಡೆಸಿದರು. ಅದನ್ನು ನೋಡುತ್ತಾ ನಿಂತಿದ್ದ 11 ವರ್ಷದ ಹುಡುಗನೇ ರಿಚರ್ಡ್ ಪೆಟ್ಟಿ. ಮುಂದೆ ಅವನು ಗೆದ್ದದ್ದು 200 ರೇಸು.

ಅವತ್ತು ಮೊದಲು ಬಂದಿದ್ದು ಗ್ಲೆನ್ ಡನವೇ, 1947ರ ಫೋರ್ಡ್‌ನಲ್ಲಿ. ರೇಸು ಮುಗಿದ ಮೇಲೆ ಕಾರು ಬಿಚ್ಚಿ ನೋಡಿದರೆ ಹಿಂದಿನ ಸ್ಪ್ರಿಂಗು ಕಂಪನಿಯದ್ದಲ್ಲ, ಕೈಚಳಕ ಮಾಡಿದ್ದಾರೆ. ಗೆಲುವು ರದ್ದಾಯಿತು. ಎರಡನೆಯವರಾಗಿ ಬಂದ ಜಿಮ್ ರೋಪರ್‌ಗೆ ಕೊಟ್ಟರು. ಅವರು ಪೇಪರಿನ ಚಿತ್ರಕಥೆಯಲ್ಲಿ ಈ ರೇಸಿನ ಸುದ್ದಿ ಓದಿ, ಲಿಂಕನ್ ಕಾರನ್ನು ಕ್ಯಾನ್ಸಸ್‌ನಿಂದ ಸಾವಿರ ಮೈಲಿ ಓಡಿಸಿಕೊಂಡು ಬಂದವರು.

ಸ್ಪ್ರಿಂಗ್ ಅಂದ ತಕ್ಷಣ ಅಪ್ಪನ ಮುಖ ಬೆಳಗಿತು. ಅಲ್ಲೇ ಒಂದು ಹಳೆಯ ಫೋರ್ಡ್ ಕೂಪ್ ಇತ್ತು. ಕುಕ್ಕರುಗಾಲಿನಲ್ಲಿ ಕೂತು, ತಲೆ ಓರೆ ಮಾಡಿ ಕೆಳಗೆ ನೋಡಿದರು. ನಾನು ಹತ್ತಿರ ಹೋಗಿ ಕೂತೆ.

"ನೋಡಮ್ಮ, ನಮ್ಮ ಲಾರಿಗೆ ಪ್ಲೇಟು ಉದ್ದುದ್ದ ಇರುತ್ತೆ, ಎರಡು ಕಡೆ ಎರಡು. ಇದಕ್ಕೆ ಅಡ್ಡ ಒಂದೇ ಇದೆ. ಹಿಂದೆ ಸಾರಾಯಿ ಲೋಡು ಹಾಕಿದ್ರೆ ಬಾಲ ಕೆಳಗೆ ಕೂರುತ್ತೆ. ಕೂತ್ರೆ ಪೊಲೀಸ್‌ನೋರಿಗೆ ಗೊತ್ತಾಗುತ್ತೆ. ಅದಕ್ಕೇ ಸ್ಪ್ರಿಂಗ್ ಗಟ್ಟಿ ಮಾಡ್ತಾರೆ. ಅದೇ ಕಾರು ಖಾಲಿ ಇದ್ದಾಗ ತಿರುವಿನಲ್ಲಿ ಬಾಗೋದಿಲ್ಲ, ಬೇರೆಯವರು ವಾಲಾಡ್ತಿದ್ರೆ ಇದು ನೆಟ್ಟಗೆ ಹೋಗುತ್ತೆ. ಅವನು ರೇಸಿಗೆ ಅಂತ ಮಾಡಿಸಿದ್ದಲ್ಲ ಕಣಮ್ಮ ಇದು. ಲೋಡಿಗೆ ಮಾಡಿಸಿದ್ದು."

ನಿಜ. ಆ ಫೋರ್ಡು ಕಳ್ಳಭಟ್ಟಿ ಸಾಗಿಸುತ್ತಿದ್ದ ಕಾರೇ. ಮಾಲೀಕರು ಕೋರ್ಟಿಗೆ ಹೋದರು. ಜಡ್ಜ್ ಕೇಸು ವಜಾ ಮಾಡಿದರು, ನಾಸ್ಕಾರ್ ತನ್ನ ನಿಯಮ ತಾನೇ ಮಾಡಬಹುದು ಅನ್ನುವುದು ಗಟ್ಟಿಯಾಯಿತು. ನಾನು ಈ ಕಥೆಯನ್ನು ಎಷ್ಟೋ ಸಲ ಓದಿದ್ದೇನೆ. ಆ ಸ್ಪ್ರಿಂಗು ಯಾಕೆ ಹಾಗಿತ್ತು ಅನ್ನೋದು ನನಗೆ ಹೊಟ್ಟೆಗೆ ಇಳಿದಿದ್ದು ಅವತ್ತು, ಅಪ್ಪನ ಪಕ್ಕ ನೆಲದ ಮೇಲೆ ಕೂತಾಗ. ಹಿಂದೆ ನಿಂತಿದ್ದ ಗಂಡ ಹೆಂಡತಿ ಇಬ್ಬರು ಅಪ್ಪ ಏನು ಹೇಳಿದರು ಅಂತ ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಆ ಗಂಡಸು ಬಗ್ಗಿ ಅಪ್ಪನ ಕೈ ಕುಲುಕಿದರು.

ನಾಲ್ಕನೇ ದಿನ: ಡಾಸನ್‌ವಿಲ್

ನಾಲ್ಕೂವರೆ ಗಂಟೆ ಓಡಿಸಿ ಜಾರ್ಜಿಯಾದ ಡಾಸನ್‌ವಿಲ್ ಸೇರಿದೆವು. ಚಿಕ್ಕ ಊರು. ಇಲ್ಲೂ ಒಂದು ರೇಸಿಂಗ್ ಮ್ಯೂಸಿಯಂ ಇದೆ, ಚೆನ್ನಾಗಿದೆ. ಊರಿನ ಪೂಲ್ ರೂಮ್ ಅನ್ನುವ ತಿಂಡಿ ಹೋಟೆಲಿನವರು ಈ ಊರಿನ ಎಲಿಯಟ್ ಮನೆತನದವರು ರೇಸು ಗೆದ್ದರೆ ಸೈರನ್ ಹಾಕುತ್ತಾರೆ. ನಾವಿದ್ದಾಗ ಯಾರೂ ಗೆಲ್ಲಲಿಲ್ಲ.

ನಾನು ಬಂದಿದ್ದು ಸ್ಮಶಾನಕ್ಕೆ. ರೇಸ್ ಡ್ರೈವರ್ ಲಾಯ್ಡ್ ಸೀ ಅವರ ಸಮಾಧಿ ನೋಡಬೇಕಿತ್ತು. ಕಲ್ಲಿನ ಮೇಲೆ ಅವರ ಫೋರ್ಡ್ ಕಾರನ್ನು ಕೆತ್ತಿದ್ದಾರೆ, ಡ್ರೈವರ್ ಕಿಟಕಿಯ ಜಾಗದಲ್ಲಿ ಅವರದೇ ಫೋಟೋ. ಕಾರಿನೊಳಗಿಂದ ಹೊರಗೆ ನೋಡುತ್ತಿರುವ ಹುಡುಗ. ವಯಸ್ಸು 21.

1941ರ ಸೆಪ್ಟೆಂಬರ್ 1ರಂದು ಅಟ್ಲಾಂಟಾದ ಲೇಕ್‌ವುಡ್ ಟ್ರ್ಯಾಕಿನಲ್ಲಿ ಗೆದ್ದು ಮನೆಗೆ ಬಂದರು. ಮಾರನೇ ದಿನ ಬೆಳಿಗ್ಗೆ ಸೋದರ ಸಂಬಂಧಿಯೊಬ್ಬ ಗುಂಡು ಹೊಡೆದು ಕೊಂದ. ಜಗಳ ಯಾತಕ್ಕೆ ಅಂದರೆ ಭಟ್ಟಿಗೆ ತಂದ ಸಕ್ಕರೆಯ ಲೆಕ್ಕಕ್ಕೆ.

"ನಮ್ಮ ಕಡೆ ಬೆಲ್ಲ, ಇಲ್ಲಿ ಸಕ್ಕರೆ" ಅಂದರು ಅಪ್ಪ. ಆಮೇಲೆ ಕಲ್ಲಿನ ಮೇಲೆ ಬಿದ್ದಿದ್ದ ಎಲೆಗಳನ್ನು ಒಂದೊಂದಾಗಿ ತೆಗೆದರು.

ಈ ಕಲ್ಲು ನಿಲ್ಲಿಸಿದ್ದು ರೇಮಂಡ್ ಪಾರ್ಕ್ಸ್. ಅವರೂ ಇದೇ ಊರಿನವರು, ಕಳ್ಳಭಟ್ಟಿಯಲ್ಲೇ ದುಡ್ಡು ಮಾಡಿದವರು, ಸೀ ಅವರಿಗೆ ಕಾರು ಕೊಟ್ಟವರು. ಯುದ್ಧ ಮುಗಿದ ಮೇಲೆ ಪಾರ್ಕ್ಸ್ ಕಾರಿನಲ್ಲಿ ರೆಡ್ ಬೈರನ್ ಓಡಿಸಿದರು, 1949ರ ಮೊದಲ ಚಾಂಪಿಯನ್ ಆದರು. ಬೈರನ್‌ಗೆ ಯುದ್ಧವಿಮಾನದಲ್ಲಿ ಎಡಗಾಲು ಛಿದ್ರವಾಗಿತ್ತು. ಕ್ಲಚ್ ಒತ್ತಲು ಆಗುವಂತೆ ಅವರ ಕಾಲಿಗೆ ತಕ್ಕ ಪೆಡಲು ಮಾಡಿಸಿಕೊಂಡಿದ್ದರು. ಆ ಕಾರುಗಳ ಮೆಕ್ಯಾನಿಕ್ ರೆಡ್ ವೋಗ್ಟ್. ಅಟ್ಲಾಂಟಾದಲ್ಲಿ ಅವರ ಗ್ಯಾರೇಜು. ಕಳ್ಳಭಟ್ಟಿಯವರ ಕಾರೂ ಅಲ್ಲಿಗೇ, ಅವರನ್ನು ಅಟ್ಟಿಸಿಕೊಂಡು ಹೋಗುವ ಅಧಿಕಾರಿಗಳ ಕಾರೂ ಅಲ್ಲಿಗೇ ಬರುತ್ತಿತ್ತಂತೆ. ನಾಸ್ಕಾರ್ ಅನ್ನುವ ಹೆಸರು ಸೂಚಿಸಿದ್ದು ಕೂಡ ವೋಗ್ಟ್. ಒಬ್ಬ ಮೆಕ್ಯಾನಿಕ್ ಇಟ್ಟ ಹೆಸರು ಅಂದಾಗ ಅಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಐದನೇ ದಿನ

ಪೂರ್ತಿ ರಸ್ತೆ. ಎಂಟು ಗಂಟೆ. ಮಧ್ಯೆ ಮಳೆ, ಒಂದು ಕಡೆ ಅವಲಕ್ಕಿ ಖಾಲಿ. ರಾತ್ರಿ ಡೇಟೋನಾ ಬೀಚ್.

ಆರನೇ ದಿನ: ಡೇಟೋನಾ

ಸ್ಟ್ರೀಮ್‌ಲೈನ್ ಹೋಟೆಲ್ ಸಮುದ್ರದ ಎದುರಿನ ರಸ್ತೆಯಲ್ಲಿದೆ, ನಾಲ್ಕೇ ಮಹಡಿ. 1947ರ ಡಿಸೆಂಬರ್ 14ರಂದು ಇದರ ಮೇಲ್ಮಹಡಿಯ ಬಾರಿನಲ್ಲಿ ಬಿಲ್ ಫ್ರಾನ್ಸ್ ಸಭೆ ಕರೆದರು. ಡ್ರೈವರುಗಳು, ಮೆಕ್ಯಾನಿಕ್ಕುಗಳು, ಟ್ರ್ಯಾಕ್ ನಡೆಸುವವರು ಬಂದರು. ಆಗ ಒಂದೊಂದು ಊರಿಗೆ ಒಂದೊಂದು ನಿಯಮ. ಕೆಲವು ಕಡೆ ರೇಸು ಮುಗಿಯುವಷ್ಟರಲ್ಲಿ ಟಿಕೆಟ್ ದುಡ್ಡಿನ ಸಮೇತ ಆಯೋಜಕ ನಾಪತ್ತೆ. ಅದಕ್ಕೊಂದು ಕಟ್ಟುಪಾಡು ಬೇಕಿತ್ತು. 1948ರ ಫೆಬ್ರವರಿ 21ಕ್ಕೆ ನಾಸ್ಕಾರ್ ನೋಂದಣಿ ಆಯಿತು. ಫ್ರಾನ್ಸ್ ಕೂಡ ಈ ಊರಿನಲ್ಲಿ ಮೆಕ್ಯಾನಿಕ್ ಆಗಿದ್ದವರೇ.

ಅಲ್ಲಿಂದ ದಕ್ಷಿಣಕ್ಕೆ, ನಾರ್ತ್ ಟರ್ನ್, ಅಂದರೆ ಹಳೆಯ ಬೀಚ್ ಟ್ರ್ಯಾಕಿನ ಉತ್ತರದ ತಿರುವು ಇದ್ದ ಜಾಗಕ್ಕೆ. ಈಗ ಒಂದು ರೆಸ್ಟೋರೆಂಟು, ಗೋಡೆ ತುಂಬಾ ಹಳೆಯ ಫೋಟೋ. ದೊಡ್ಡ ಸ್ಪೀಡ್‌ವೇ 1959ರಲ್ಲಿ ಬರುವ ಮೊದಲು ರೇಸು ನಡೆಯುತ್ತಿದ್ದಿದ್ದು ಇಲ್ಲಿ. ಎರಡು ಮೈಲಿ ಸಮುದ್ರದ ಮರಳಿನ ಮೇಲೆ, ತಿರುಗಿ ಎರಡು ಮೈಲಿ ಡಾಂಬರು ರಸ್ತೆಯ ಮೇಲೆ. ಟೈಮ್ ನಿರ್ಧಾರ ಮಾಡುತ್ತಿದ್ದಿದ್ದು ಸಮುದ್ರ. ಇಳಿತ ಇದ್ದಾಗ ಮಾತ್ರ ರೇಸು, ಉಬ್ಬರ ಬಂದರೆ ಟ್ರ್ಯಾಕೇ ಇಲ್ಲ.

ಲೂಯಿಸ್ ಸ್ಮಿತ್ ಅವರ ಕಥೆ ಈ ಜಾಗದ್ದು, ನನಗೆ ಎಲ್ಲಕ್ಕಿಂತ ಇಷ್ಟ. ಸೌತ್ ಕೆರೊಲಿನಾದ ಗ್ರೀನ್‌ವಿಲ್‌ನವರು. 1947ರಲ್ಲಿ ರೇಸು ನೋಡಲು ಅಂತ ಗಂಡನ ಹೊಚ್ಚಹೊಸ ಫೋರ್ಡ್ ತೆಗೆದುಕೊಂಡು ಬಂದರು. ನೋಡುತ್ತಾ ಸುಮ್ನೆ ನಿಲ್ಲಲು ಆಗಲಿಲ್ಲ, ಕಾರನ್ನು ರೇಸಿಗೇ ಇಳಿಸಿದರು, ಜಖಂ ಮಾಡಿಕೊಂಡರು. ಮನೆಗೆ ಹೋಗಿ, ಕಾರು ದಾರಿಯಲ್ಲಿ ಕೆಟ್ಟು ನಿಂತಿದೆ, ಬಿಟ್ಟು ಬಂದೆ ಅಂದರು. ಗಂಡ ಪೇಪರು ತೆಗೆದು ತೋರಿಸಿದರು, ನಜ್ಜುಗುಜ್ಜಾದ ಕಾರಿನ ಫೋಟೋ ಆಗಲೇ ಬಂದಿತ್ತು! ಲೂಯಿಸ್ ರೇಸು ಬಿಡಲಿಲ್ಲ. ಎರಡು ವರ್ಷ ಆದ ಮೇಲೆ, 1949ರ ಜುಲೈನಲ್ಲಿ, ಇದೇ ಮರಳಿನ ಮೇಲೆ ಎಥೆಲ್ ಮೋಬ್ಲಿ ತಮ್ಮ ಮೂವರು ಅಣ್ಣತಮ್ಮಂದಿರ ಜೊತೆ ಓಡಿಸಿ, ಅವರಲ್ಲಿ ಇಬ್ಬರಿಗಿಂತ ಮುಂದೆ ಬಂದರು. ಹೆಂಗಸರು ಮೊದಲಿನಿಂದಲೂ ಇದ್ದರು, ಇದನ್ನು ನಾನು ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ.

ಪಕ್ಕದ ಟೇಬಲಿನಲ್ಲಿ ಒಬ್ಬ ಅಜ್ಜಿ ಒಂದು ಫೋಟೋದ ಕಡೆ ಬೆರಳು ಮಾಡಿ, "ಆ ದಿಬ್ಬದ ಹಿಂದೆ ನಾನಿದ್ದೆ" ಅಂದರು. ಆಗ ಏಳೆಂಟು ವರ್ಷ. ಟಿಕೆಟ್ ಇಲ್ಲದೆ ಮರಳು ದಿಬ್ಬ ಹತ್ತಿ ಬರುವವರನ್ನು ತಡೆಯಲು "ಹಾವಿದೆ ಎಚ್ಚರ" ಅಂತ ಬೋರ್ಡು ಹಾಕುತ್ತಿದ್ದರು. ಅಣ್ಣಂದಿರು ಇವರನ್ನು ಮುಂದೆ ಬಿಟ್ಟು ಹಿಂದೆ ಬರುತ್ತಿದ್ದರಂತೆ. ಹಾವು ಒಂದು ದಿನವೂ ಕಾಣಲಿಲ್ಲ. ತಿರುವಿನಲ್ಲಿ ಕಾರುಗಳು ಮರಳಿನಲ್ಲಿ ಹೂತುಕೊಳ್ಳುತ್ತಿದ್ದವು. ಗಾಜಿಗೆಲ್ಲ ಉಪ್ಪುನೀರು ಸಿಡಿದು ಮುಂದೆ ಏನೂ ಕಾಣದೆ, ಡ್ರೈವರುಗಳು ಪಕ್ಕದ ಕಿಟಕಿಯಿಂದ ತಲೆ ಹಾಕಿ ಓಡಿಸುತ್ತಿದ್ದುದು ಅವರಿಗೆ ಚೆನ್ನಾಗಿ ನೆನಪಿದೆ.

ಫೈರ್‌ಬಾಲ್ ರಾಬರ್ಟ್ಸ್ ಹೆಸರು ಬಂದಾಗ ಅಜ್ಜಿ ಕಾಫಿ ಕಪ್ಪು ಕೆಳಗಿಟ್ಟರು. ರಾಬರ್ಟ್ಸ್ ಇದೇ ಊರಿನ ಹೀರೋ, ರೇಸ್ ಡ್ರೈವರ್. 1964ರ ಮೇನಲ್ಲಿ ಶಾರ್ಲಟ್ ರೇಸಿನಲ್ಲಿ ಕಾರಿಗೆ ಬೆಂಕಿ ಹತ್ತಿ, ಐದು ವಾರ ಆಸ್ಪತ್ರೆಯಲ್ಲಿ ನರಳಿ ಜುಲೈ 2ರಂದು ತೀರಿಕೊಂಡರು. ಆ ಸಾವಿನ ನಂತರವೇ ಒಡೆಯದ ರಬ್ಬರ್ ಚೀಲದ ಪೆಟ್ರೋಲ್ ಟ್ಯಾಂಕು ಬಂದಿದ್ದು. "ನಮ್ಮಮ್ಮ ಆ ವಾರ ರೇಡಿಯೋ ಪಕ್ಕದಿಂದ ಏಳಲೇ ಇಲ್ಲ" ಅಂದರು.

ನಾನು ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಬಿಟ್ಟು, "ಕಂಪನಿ ಫಿಟ್ಟಿಂಗ್ ಯಾಕೆ ಹೋಯ್ತು ಅಂತ ಈಗ ಗೊತ್ತಾಯ್ತು ಬಿಡು" ಅಂದರು.

ಸಂಜೆ ಇಳಿತದ ಹೊತ್ತು. ಬೀಚಿನಲ್ಲಿ ಕಾರು ಬಿಡುವ ಜಾಗ ಈಗಲೂ ಇದೆ, ದುಡ್ಡು ಕೊಟ್ಟು ಇಳಿಸಬಹುದು, ಗಂಟೆಗೆ 10 ಮೈಲಿಗಿಂತ ಜಾಸ್ತಿ ಹೋಗುವ ಹಾಗಿಲ್ಲ. ಅಪ್ಪ ಮೊದಲು ಇಳಿದು ಹಿಮ್ಮಡಿಯಿಂದ ಮರಳು ಒತ್ತಿ ನೋಡಿದರು. ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿ. "ನಡೀ" ಅಂದರು. ಕ್ಯಾಮ್ರಿಯ ಕಿಟಕಿ ಪೂರ್ತಿ ಇಳಿಸಿ, ಎಡಗಡೆ ದಿಬ್ಬ, ಬಲಗಡೆ ನೀರು, ಹಳೆಯ ರೇಸು ಓಡುತ್ತಿದ್ದ ಹಾಗೇ ಉತ್ತರಕ್ಕೆ ಮುಖ ಮಾಡಿ ಹೋದೆವು. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು.

ರೂಮಿಗೆ ವಾಪಸ್ ಬರುವಾಗ ಕಾರು ತೊಳೆಯುವ ಜಾಗ ಕಂಡಿತು. ನಿಲ್ಲಿಸು ಅಂದರು. ಚಿಲ್ಲರೆ ಹಾಕಿ, ಪೈಪು ಹಿಡಿದು, ಪ್ಯಾಂಟು ಮಡಚಿಕೊಂಡು, ಕಾರಿನ ಅಡಿಗೆ, ಚಕ್ರದ ಒಳಗೆ, ಸ್ಪ್ರಿಂಗ್ ಸಂದಿಗೆ ನೀರು ಹೊಡೆದರು. ಉಪ್ಪು ನಿಂತರೆ ತುಕ್ಕು ಹಿಡಿಯುತ್ತೆ ಅಂತ. ಟೈಮ್ ಮುಗಿದು ನೀರು ನಿಂತಿತು. "ಇನ್ನೊಂದು ನಾಣ್ಯ ಕೊಡಮ್ಮ, ಹಿಂದಿನ ಚಕ್ರ ಬಾಕಿ ಇದೆ" ಅಂತ ಕೈ ಚಾಚಿದರು.